ಅರಿಗರ ಮನೆಯ ಕಪ್ಪು ಕಾರು

ಶೇಖರ ಆಳ್ವನ ಸೋಡಾ ಫ್ಯಾಕ್ಟರಿ ಬಂಟ್ವಾಳ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಅದನ್ನು ಫ್ಯಾಕ್ಟರಿ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಉಳಿದವರ ಕಣ್ಣಿಗೆ ಅದು ಹಂಚಿನ ಮಾಡಿನ ಒಂದು ಕೋಣೆ, ಕೈಯಿಂದ ತಿರುಗಿಸುವ ಒಂದು ಯಂತ್ರ, ಗ್ಯಾಸಿನ ಒಂದು ಸಿಲಿಂಡರು, ಮೂಲೆ ತುಂಬ ಗೋಲಿ ಬಾಟಲಿಗಳು. ಸೋಡಾ ಮಾತ್ರ ಒಳ್ಳೆಯದಿತ್ತು. ಅವನನ್ನು ಕಂಡರಾಗದವರೂ ಕುಡಿದು ತೇಗಿದ ಮೇಲೆ ಅದನ್ನು ಒಪ್ಪುತ್ತಿದ್ದರು.

ಸೋಡಾ ಮಾಡುವುದು ದೊಡ್ಡ ಕೆಲಸವಲ್ಲ, ಅಂಗಡಿಗೆ ಮುಟ್ಟಿಸುವುದು ದೊಡ್ಡ ಕೆಲಸ. ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿಯ ಅಂಗಡಿಗಳಿಗೆ ಬಸ್ಸಿನ ನೆತ್ತಿಯ ಮೇಲೆ ಪೆಟ್ಟಿಗೆ ಏರಿಸಿ ಕಳಿಸಬೇಕಿತ್ತು. ಅಲ್ಲಿ ಇಳಿಸುವವರು ತೆಂಗಿನಕಾಯಿ ಉರುಳಿಸಿದ ಹಾಗೆ ಉರುಳಿಸುತ್ತಿದ್ದರು. ಬಾಟಲಿ ಒಡೆದದ್ದು ಯಾಕೆಂದು ಕಂಡಕ್ಟರನನ್ನು ಕೇಳಿದರೆ ಅವನು ಡ್ರೈವರನನ್ನು ತೋರಿಸುತ್ತಿದ್ದ, ಡ್ರೈವರನನ್ನು ಕೇಳಿದರೆ ಅವನು ರಸ್ತೆಯನ್ನು ತೋರಿಸುತ್ತಿದ್ದ. ಸ್ವಂತದ್ದೊಂದು ಗಾಡಿ ಇಲ್ಲದೆ ಆಗುವುದಿಲ್ಲ ಎಂದು ಶೇಖರ ನಿಶ್ಚಯ ಮಾಡಿದ. ಲಾರಿ ಕೊಳ್ಳುವ ಶಕ್ತಿ ಇರಲಿಲ್ಲ. ಹಳೆಯ ಕಾರೊಂದು ಸಿಕ್ಕಿದರೆ ಹಿಂದಿನ ಸೀಟು ಕಿತ್ತು ಪೆಟ್ಟಿಗೆ ತುಂಬಿಸಬಹುದು ಎಂದುಕೊಂಡ.

ಮೂಡುಬಿದಿರೆಯ ಅರಿಗರ ಮನೆಯಲ್ಲಿ ಒಂದು ಕಾರು ಉಂಟಂತೆ, ಅಗ್ಗದಲ್ಲಿ ಕೊಡುತ್ತಾರಂತೆ ಎಂಬ ಸುದ್ದಿ ಬಂದದ್ದು ಐವತ್ತೊಂಬತ್ತನೆಯ ಇಸವಿಯಲ್ಲಿ, ಸೆಕೆ ಶುರುವಾಗುವ ಹೊತ್ತಿಗೆ. ಮುಂದೆ ಮದುವೆಗಳ ಕಾಲ, ಸೋಡಾದ ಸುಗ್ಗಿ. ಕಾರು ನೋಡಲು ಹೋಗುವಾಗ ಅಬ್ದುಲ್ ಮಜೀದನನ್ನು ಕರೆದುಕೊಂಡು ಹೋಗಬೇಕಿತ್ತು. ಮಜೀದ್ ಬಿ.ಸಿ.ರೋಡಿನ ಬ್ಯಾರಿ ಮುಸಲ್ಮಾನ, ಲಾರಿ ಡ್ರೈವರ್. ಶೇಖರನಿಗೆ ಗಾಡಿ ಬಿಡಲು ಕಲಿಸಿದವನೇ ಅವನು. ಆದರೆ ಆ ವಾರ ಅವನು ಲೋಡು ಹೇರಿಕೊಂಡು ಘಟ್ಟ ಹತ್ತಿದ್ದ. ಅವನು ಇಳಿದು ಬರುವವರೆಗೆ ಕಾಯುವ ತಾಳ್ಮೆ ಶೇಖರನಿಗೆ ಇರಲಿಲ್ಲ. ಬದಲಿಗೆ ಸೋದರಮಾವ ಸುಬ್ಬಯ್ಯ ಆಳ್ವರನ್ನು ಹೊರಡಿಸಿದ. ಸುಬ್ಬಯ್ಯ ಮಾವನಿಗೆ ಕೋಣಗಳ ವಿಷಯ ಚೆನ್ನಾಗಿ ಗೊತ್ತಿತ್ತು.

ಸಂಪತ್‌ಕುಮಾರ ಅರಿಗರು ದೊಡ್ಡ ಮನೆತನದ ಜೈನರು, ಮಾತು ಬಹಳ ಮೆತ್ತಗೆ. ಬಂದವರಿಗೆ ಬೆಲ್ಲ ನೀರು ಕೊಟ್ಟು, ಊರಿನ ಸುಖದುಃಖ ವಿಚಾರಿಸಿ, ಆಮೇಲೆ ಕೊಟ್ಟಿಗೆಯ ಬಾಗಿಲು ತೆರೆಸಿದರು. ಒಳಗೆ ಕಪ್ಪು ಕಾರೊಂದು ಧೂಳು ಹೊದ್ದು ನಿಂತಿತ್ತು. ವಿಲಾಯತಿಯಿಂದ ಬಂದ ಕಾರು. ಮೂತಿಯ ಮೇಲಿನ ಹೆಸರು ಎಂದೋ ಉದುರಿಹೋಗಿತ್ತು.

“ನನ್ನ ಅಣ್ಣನದು,” ಎಂದರು ಅರಿಗರು. “ಅಣ್ಣ ತೀರಿಹೋಗಿ ವರ್ಷ ಆಯ್ತು. ನಮಗೆ ಇನ್ನು ಇದರ ಉಪಯೋಗ ಇಲ್ಲ. ಅತ್ತಿಗೆ ಕಾರ್ಕಳಕ್ಕೆ ಹೋಗಿದ್ದಾರೆ, ನಾಳೆ ಬರ್ತಾರೆ. ಅವರಿಗೆ ಇದನ್ನು ನೋಡಿದರೆ ಅಣ್ಣನ ನೆನಪಾಗ್ತದೆ. ನೀವು ಇವತ್ತೇ ತೆಗೆದುಕೊಂಡು ಹೋಗುವುದಾದರೆ ಕಡಿಮೆಗೆ ಕೊಡ್ತೇನೆ.”

ಅವರು ಹೇಳಿದ ಕ್ರಯ ಕೇಳಿ ಶೇಖರನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಸುಬ್ಬಯ್ಯ ಮಾವ ಕಾರಿನ ಸುತ್ತ ಬಂದು, ಅದರ ಹಿಂಭಾಗಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟು, “ಮೈ ಗಟ್ಟಿ ಉಂಟು,” ಎಂದು ತೀರ್ಪು ಕೊಟ್ಟರು. ಇಷ್ಟು ಅಗ್ಗ ಯಾಕೆ ಎಂದು ಕೇಳಬೇಕಾದ ಜಾಗದಲ್ಲಿ ಶೇಖರ, ಇನ್ನೂ ಸ್ವಲ್ಪ ಇಳಿಸ್ತೀರಾ ಎಂದು ಕೇಳಿದ. ಅರಿಗರು ಇಳಿಸಿದರು. ಅಷ್ಟು ಸುಲಭಕ್ಕೆ ಯಾಕೆ ಇಳಿಸಿದರು ಎಂದೂ ಅವನು ಕೇಳಲಿಲ್ಲ. ಸಂಜೆಯೊಳಗೆ ಸಿದ್ಧಕಟ್ಟೆಯ ದಾರಿಯಾಗಿ ಕಾರು ಬಂಟ್ವಾಳ ಮುಟ್ಟಿತ್ತು. ಮಾವನಿಗೆ ಪೇಟೆಯಲ್ಲಿ ಬೇರೆ ಕೆಲಸವಿತ್ತು, ಅವರು ಬಸ್ಸಿನಲ್ಲಿ ಬಂದರು.

ಆಮೇಲಿನ ದಿನಗಳು ಬಹಳ ಚೆನ್ನಾಗಿದ್ದವು. ಹಿಂದಿನ ಸೀಟು ಕಿತ್ತು ಆ ಜಾಗದಲ್ಲಿ ಪೆಟ್ಟಿಗೆಗಳನ್ನು ಒತ್ತಾಗಿ ಕೂರಿಸಿದ. ಬಾಟಲಿ ಒಡೆಯುವುದು ನಿಂತಿತು. ಹೊಸ ಅಂಗಡಿಗಳವರು ತಾವಾಗಿಯೇ ಕರೆದು ಸೋಡಾ ಕೇಳಿದರು. ನಾಲ್ಕು ವರ್ಷದ ಮಗಳು ಕಾಂತಿ ಮುಂದಿನ ಸೀಟಿನಲ್ಲಿ ಕೂತು ಪೇಟೆಗೆ ಒಂದು ಸುತ್ತು ಹೊಡೆಯದೆ ಊಟ ಮಾಡುತ್ತಿರಲಿಲ್ಲ. ಬಸುರಿ ಹೆಂಡತಿ ವಿನೋದಾಳನ್ನು ಬಯಕೆಯ ಊಟಕ್ಕೆ ತವರಿಗೆ ಕರೆದುಕೊಂಡು ಹೋದದ್ದೂ ಅದರಲ್ಲೇ. ಒಂದು ಸಲ ಬಿಸಿಲಿಗೆ ಕಾದ ಬಾಟಲಿ ಸಿಡಿದು, ಗಾಜಿನ ಚೂರು ಕಾಂತಿಯ ಹುಬ್ಬಿಗೆ ತಾಗಿ ರಕ್ತ ಬಂತು. ಇನ್ನೊಂದು ಸಲ ಪುಂಜಾಲಕಟ್ಟೆಯ ಇಳಿಜಾರಿನಲ್ಲಿ ಸ್ಟೇರಿಂಗ್ ಒಂದು ಕ್ಷಣ ಸಡಿಲವಾದ ಹಾಗಾಯಿತು. ಲೋಡು ಜಾಸ್ತಿಯಾಯಿತು ಎಂದು ಶೇಖರ ಮರುದಿನ ಎರಡು ಪೆಟ್ಟಿಗೆ ಕಡಿಮೆ ಮಾಡಿದ. ಸೋಡಾ ವ್ಯಾಪಾರದಲ್ಲಿ ಇಷ್ಟೆಲ್ಲ ಇದ್ದದ್ದೇ.

ಹೀಗಿರುವಾಗ ಒಂದು ಮಧ್ಯಾಹ್ನ ಬೆಳ್ತಂಗಡಿಯಲ್ಲಿ, ಬಸ್ಸು ನಿಲ್ಲುವಲ್ಲಿರುವ ಪ್ರೇಮಾವತಿಯ ಶರಬತ್ತಿನ ಅಂಗಡಿಯ ಪಕ್ಕದಲ್ಲಿ ಕಾರು ನಿಲ್ಲಿಸಿದ. ಪ್ರೇಮಾವತಿಯ ತವರು ಮೂಡುಬಿದಿರೆ. ಮಗಳ ಬಾಣಂತನಕ್ಕೆಂದು ಊರು ಬಿಟ್ಟವಳು ಅಂದೇ ಬಂದು ಅಂಗಡಿಯಲ್ಲಿ ಕೂತಿದ್ದಳು. ಲಿಂಬೆ ಹಿಂಡುತ್ತಿದ್ದ ಅವಳ ಕೈ ಕಾರನ್ನು ಕಂಡು ನಿಂತಿತು.

“ಇದು ಅರಿಗರ ಕಾರಲ್ವಾ ಆಳ್ವರೇ?”

“ಹೌದು ಪ್ರೇಮಕ್ಕ. ಈಗ ನನ್ನದು,” ಎಂದು ಶೇಖರ ಹೆಮ್ಮೆಯಿಂದ ಹೇಳಿ ಪೆಟ್ಟಿಗೆ ಎತ್ತಿದ.

“ಹಾಗಾದರೆ ಆಣೆ ಬಿಡಿಸಿ ಆಯ್ತಾ?”

ಶೇಖರ ಪೆಟ್ಟಿಗೆ ಹಿಡಿದುಕೊಂಡೇ ನಿಂತ. ಅವನಿಗೆ ಏನೂ ಗೊತ್ತಿಲ್ಲ ಎಂದು ಅವಳಿಗೆ ಅವನ ಮುಖ ನೋಡಿಯೇ ತಿಳಿಯಿತು. ಅವಳು ದನಿ ತಗ್ಗಿಸಿದಳು.

“ಸಂಪತ್‌ಕುಮಾರ ಅರಿಗರು ನಿಮಗೆ ಹೇಳಲಿಲ್ವಾ? ಅವರ ಅತ್ತಿಗೆ ಕಮಲಾವತಿಯಮ್ಮ ಗಂಡ ತೀರಿದ ಮೇಲೆ ಈ ಕಾರಿಗೆ ಧರ್ಮಸ್ಥಳದ ಆಣೆ ಇಟ್ಟಿದ್ದಾರೆ. ಯಾರೂ ಹತ್ತಬಾರದು, ಯಾರೂ ನಡೆಸಬಾರದು ಅಂತ. ನಮ್ಮ ಕಡೆಯಲ್ಲಿ ಎಲ್ಲರಿಗೂ ಗೊತ್ತುಂಟು. ಮಕ್ಕಳು ಸಹ ಆ ಕೊಟ್ಟಿಗೆಯ ಹತ್ತಿರ ಆಡುವುದಿಲ್ಲ.”

ಆಣೆ ಎಂದರೆ ಏನು ಎಂದು ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹೊರಗಿನವರಿಗೆ ವಿವರಿಸಿದರೆ ಅವರು ನಗುತ್ತಾರೆ. ಒಬ್ಬರು ಮಂಜುನಾಥಸ್ವಾಮಿಯ ಹೆಸರು ಹೇಳಿ ಒಂದು ಗದ್ದೆಗೋ ಬಾವಿಗೋ ಆಣೆ ಇಟ್ಟರೆ ಮುಗಿಯಿತು. ಆ ಗದ್ದೆಗೆ ನೇಗಿಲು ಇಳಿಯುವುದಿಲ್ಲ, ಆ ಬಾವಿಗೆ ಕೊಡ ಇಳಿಯುವುದಿಲ್ಲ. ಕೋರ್ಟಿನ ಕಾಗದಕ್ಕೆ ಹೆದರದ ಗಂಡಸರು ಅದಕ್ಕೆ ಹೆದರುತ್ತಾರೆ. ಆಣೆ ಇಟ್ಟವರೂ ಅದಕ್ಕೆ ಸಿಕ್ಕಿದವರೂ ಕೂಡಿ ಧರ್ಮಸ್ಥಳಕ್ಕೆ ಹೋಗಿ, ಕಾಣಿಕೆ ಹಾಕಿ ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಮೀರಿ ನಡೆದವರ ಮನೆಯಲ್ಲಿ ಏನಾದರೂ ಆಗಿಯೇ ಆಗುತ್ತದೆ ಎಂದು ನಂಬಿಕೆ. ಶೇಖರ ಒಂದು ತಿಂಗಳಿನಿಂದ ದಿನವೂ ಮೀರಿದ್ದ.

ಪೆಟ್ಟಿಗೆಯನ್ನು ಅಲ್ಲೇ ನೆಲಕ್ಕಿಟ್ಟು ಬೆಂಚಿನ ಮೇಲೆ ಕುಸಿದು ಕೂತ. ಮೊದಲು ನೆನಪಾದದ್ದು ಕಾಂತಿಯ ಹುಬ್ಬು. ಗಾಜಿನ ಚೂರು ಒಂದು ಬೆರಳಷ್ಟು ಕೆಳಗೆ ತಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಆಮೇಲೆ ವಿನೋದಾ ನೆನಪಾದಳು. ಹೊಟ್ಟೆಯಲ್ಲಿರುವ ಮಗುವನ್ನೂ ಸೇರಿಸಿ ಆ ಕಾರಿನಲ್ಲಿ ಕೂರಿಸಿದ್ದ. ಪ್ರೇಮಾವತಿ ಶರಬತ್ತು ಮಾಡಿ ಕೊಟ್ಟಳು. ಅವನು ಲೋಟವನ್ನು ಹಾಗೆಯೇ ಬೆಂಚಿನ ಮೇಲಿಟ್ಟ.

ಇನ್ನು ಆ ಕಾರನ್ನು ನಡೆಸಿಕೊಂಡು ಮನೆಗೆ ಹೋಗುವುದು ಹೇಗೆ? ಅವಳ ಅಂಗಡಿಯ ಪಕ್ಕದ ಮಾವಿನ ಮರದಡಿಯಲ್ಲಿ ಅದು ಹಾಗೆಯೇ ನಿಂತಿತು. ಒಳಗೆ ಉಳಿದ ಸೋಡಾ ಇಳಿಸಿದರೆ ಅದೂ ಆಣೆ ಮೀರಿದ ಹಾಗಾಗುತ್ತದೋ ಎಂದು ಇಬ್ಬರೂ ಬಹಳ ಹೊತ್ತು ಚರ್ಚೆ ಮಾಡಿ, ಸಂಶಯ ಬೇಡ ಎಂದು ಸೋಡಾವನ್ನೂ ಅಲ್ಲೇ ಬಿಟ್ಟರು. ಬೀಗದ ಕೈ ಕಾರಿನಲ್ಲೇ ನೇತಾಡುತ್ತಿತ್ತು. ಕಳ್ಳತನದ ಭಯ ಇರಲಿಲ್ಲ. ಆಣೆ ಇದ್ದ ಕಾರನ್ನು ಕದಿಯುವ ಧೈರ್ಯ ಆ ತಾಲೂಕಿನ ಯಾವ ಕಳ್ಳನಿಗೂ ಇರಲಿಲ್ಲ. ಶೇಖರ ಬಸ್ಸು ಹತ್ತಿ ಬಂಟ್ವಾಳಕ್ಕೆ ಬಂದ.

ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಅದರಿಂದ ಅವನ ಹೆದರಿಕೆ ಕಡಿಮೆಯಾಗಲಿಲ್ಲ, ಇನ್ನೂ ಆಗಲಿಕ್ಕಿದೆ ಎಂದೇ ಅನಿಸಿತು. ಮರುದಿನ ವಿನೋದಾಳ ಪಾದ ಬಾತದ್ದು ಕಂಡಿತು. ಬಸುರಿಯರಿಗೆ ಇದೆಲ್ಲ ಸಹಜ ಎಂದು ಸೂಲಗಿತ್ತಿ ಹೇಳಿದಳು. ಶೇಖರ ಅವಳನ್ನು ಮೂರು ಸಲ ಅದನ್ನೇ ಕೇಳಿದ. ಕಾಂತಿ ಸೀನಿದರೆ ಅವಳ ಹಣೆ ಮುಟ್ಟಿ ನೋಡುತ್ತಿದ್ದ. ಕಾರು ಎಲ್ಲಿ, ಕಾರು ಎಲ್ಲಿ ಎಂದು ಅವಳು ಹಟ ಮಾಡಿದಾಗ ಎಂದೂ ಗದರದವನು ಗದರಿಬಿಟ್ಟ. ವಿನೋದಾ ಗಂಡನ ಮುಖ ನೋಡಿ ವಿಷಯ ಹೊರಡಿಸಿದಳು. ಕೇಳಿ ಮುಗಿದ ಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, “ಮೊದಲು ಅದನ್ನು ಎಲ್ಲಿಂದ ತಂದದ್ದೋ ಅಲ್ಲಿಗೆ ಮುಟ್ಟಿಸಿ,” ಎಂದಳು.

ಸುಬ್ಬಯ್ಯ ಮಾವನನ್ನು ಕರೆಸಿದರು. ಮಾವ ವಿಷಯ ಕೇಳಿದೊಡನೆ ಬಾವಿಕಟ್ಟೆಗೆ ಹೋಗಿ ಕೈ ತೊಳೆದುಕೊಂಡು ಬಂದರು.

“ನಾನು ಮುಟ್ಟಿದ್ದು ಒಂದೇ ಸಲ,” ಎಂದರು. “ಅದೂ ಹಿಂದಿನಿಂದ.”

“ಮಾವ, ಮುಂದೆ ಎಂತ ಮಾಡುವುದು, ಅದನ್ನು ಹೇಳಿ.”

“ಕಾರು ಮೊದಲು ಇದ್ದ ಕೊಟ್ಟಿಗೆಗೇ ಹೋಗ್ಬೇಕು. ಆಮೇಲೆ ಆ ಅಮ್ಮನ ಕಾಲು ಹಿಡಿದು, ಒಟ್ಟಿಗೆ ಧರ್ಮಸ್ಥಳಕ್ಕೆ ಹೋಗಿ ಬಿಡಿಸಿಕೊಳ್ಳುವ. ಆದರೆ ನೀನು ಅದನ್ನು ನಡೆಸಬಾರದು. ನಮ್ಮವರು ಯಾರೂ ನಡೆಸಬಾರದು. ಒಂದು ಗಾಲಿ ತಿರುಗಿದರೆ ಒಂದು ಸಲ ಮೀರಿದ ಹಾಗೆ.”

ನಡೆಸದೆ ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಕಾರು ಹೋಗುವುದು ಹೇಗೆ? ಎತ್ತು ಕಟ್ಟಿ ಎಳೆಸುವ ಎಂದು ಒಂದು ಯೋಚನೆ ಬಂತು. ಎತ್ತಿನವರು ಬಾಡಿಗೆಗೆ ಒಪ್ಪಿದರು, ಆಣೆಯ ಮಾತು ಕೇಳಿ ಎತ್ತುಗಳಿಗೆ ಹುಷಾರಿಲ್ಲ ಎಂದರು. ಅಂಗಡಿಗಳವರು ಸೋಡಾ ಎಲ್ಲಿ ಎಂದು ಬಸ್ಸಿನಲ್ಲಿ ಹೇಳಿಕಳಿಸುತ್ತಿದ್ದರು. ಶೇಖರ ತಲೆಯ ಮೇಲೆ ಕೈ ಹೊತ್ತು ಯಂತ್ರದ ಎದುರು ಕೂತಿರುತ್ತಿದ್ದ. ಹಾಗೆ ಕೂತಿದ್ದಾಗ ಒಂದು ದಿನ ಅವನಿಗೆ ಮಜೀದ್ ಹೊಳೆದ. ನಮ್ಮವರು ನಡೆಸಬಾರದು ಎಂದಲ್ಲವೇ ಮಾವ ಹೇಳಿದ್ದು? ಮಜೀದ್ ಬ್ಯಾರಿ. ಅವನ ದೇವರು ಬೇರೆ. ಅವನಿಗೆ ಈ ಆಣೆ ಹೇಗೆ ತಾಗುತ್ತದೆ? ಶೇಖರನಿಗೆ ತನ್ನ ಬುದ್ಧಿಯ ಮೇಲೆ ಮೆಚ್ಚುಗೆಯಾಯಿತು. ಅಂದು ಅವನು ಹೊಟ್ಟೆ ತುಂಬ ಉಂಡ.

ಮಜೀದನ ಮನೆ ಬಿ.ಸಿ.ರೋಡಿನಿಂದ ಸ್ವಲ್ಪ ಒಳಗೆ. ಅವನು ನಡೆಸುತ್ತಿದ್ದ ಲಾರಿಯನ್ನು ಯಜಮಾನ ಮಾರಿದ್ದರಿಂದ ಮನೆಯಲ್ಲೇ ಇದ್ದ. ಇಬ್ಬರೂ ಅಂಗಳದಾಚೆ ಹಲಸಿನ ಮರದಡಿ ನಿಂತು ಮಾತಾಡಿದರು. ಶೇಖರ ಏನನ್ನೂ ಮುಚ್ಚಿಡಲಿಲ್ಲ.

“ನನಗೆ ಅದನ್ನು ಮುಟ್ಟಲಿಕ್ಕೆ ಧೈರ್ಯ ಇಲ್ಲ ಮಾರಾಯ. ನಿನಗಾದರೆ ತೊಂದರೆ ಇಲ್ಲ, ಇದು ನಮ್ಮ ದೇವರ ವಿಷಯ. ನಿನಗೆ ತಾಗುವುದಿಲ್ಲ. ಬೆಳ್ತಂಗಡಿಯಿಂದ ವೇಣೂರಿನ ದಾರಿಯಾಗಿ ಅರಿಗರ ಮನೆಗೆ ಮುಟ್ಟಿಸಿದರೆ ಸಾಕು. ನಾನು ಬಸ್ಸಿನಲ್ಲಿ ಮೊದಲೇ ಹೋಗಿ ಆ ಅಮ್ಮನ ಹತ್ತಿರ ಮಾತಾಡಿ ಇಡ್ತೇನೆ.”

ಮಜೀದ್ ಬೀಡಿ ಹೊತ್ತಿಸಿ ಸ್ವಲ್ಪ ಹೊತ್ತು ರಸ್ತೆ ನೋಡಿದ.

“ಆಯ್ತು ಆಳ್ವರೇ,” ಎಂದ.

ಎದೆಯ ಮೇಲಿನ ಕಲ್ಲು ಇಳಿದದ್ದೇ ಶೇಖರನ ಮನಸ್ಸು ಧಾರಾಳವಾಯಿತು. ಮಜೀದನ ಹೆಂಡತಿ ಜುಲೈಕಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ತಾಯಿಮನೆ ಮೂಡುಬಿದಿರೆಯಲ್ಲೇ ಎಂದು ಅವನಿಗೆ ನೆನಪಾಯಿತು.

“ಜುಲೈಕಾ, ನಾಳೆ ಇವನು ಬೆಳ್ತಂಗಡಿಯಿಂದ ಕಾರು ತೆಗೆದುಕೊಂಡು ಮೂಡುಬಿದಿರೆಗೆ ಹೋಗ್ತಾನೆ. ನೀನೂ ಮಗುವನ್ನು ಕರೆದುಕೊಂಡು ಹೋಗು. ತಾಯಿಯನ್ನು ನೋಡಿದ ಹಾಗೂ ಆಯ್ತು.”

ಜುಲೈಕಾಳ ಮುಖ ಅರಳಿತು. ಮಜೀದ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು, ಬಟ್ಟೆ ಗಂಟು ಕಟ್ಟಿಕೊಳ್ಳುತ್ತೇನೆ ಎಂದು ಒಳಗೆ ಹೋಗಿಯಾಗಿತ್ತು. ಅವನು ಬೀಡಿಯನ್ನು ಕಾಲಡಿಯಲ್ಲಿ ಹೊಸಕಿದ.

ಮರುದಿನ ಶೇಖರ ಮೂಡುಬಿದಿರೆಗೆ ಬಂದು ಅರಿಗರ ಮನೆಯ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ಹತ್ತಿದ. ಸಂಪತ್‌ಕುಮಾರ ಅರಿಗರು ಮನೆಯಲ್ಲಿರಲಿಲ್ಲ. ಚಾವಡಿಗೆ ಬಂದವರು ಕಮಲಾವತಿಯಮ್ಮ. ಬಿಳಿ ಸೀರೆ, ಸಣ್ಣ ಮೈ, ನೆಟ್ಟಗೆ ನೋಡುವ ಕಣ್ಣು. ಅವನೊಳಗೆ ಅಷ್ಟು ದಿನ ಅವರು ಎತ್ತರದ, ಸಿಟ್ಟಿನ ಹೆಂಗಸಾಗಿ ನಿಂತಿದ್ದರು. ಎದುರಿಗೆ ಕಂಡವರು ಯಾರ ಅತ್ತೆಯೂ ಆಗಿರಬಹುದಿತ್ತು.

“ಅಮ್ಮ, ಗೊತ್ತಿಲ್ಲದೆ ತಪ್ಪಾಯ್ತು,” ಎಂದು ಅವನು ನಿಂತಲ್ಲೇ ಶುರು ಮಾಡಿದ. “ಕಾರು ಕೊಂಡದ್ದು ನಾನು. ಆಣೆಯ ವಿಷಯ ನನಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಹೆಂಡತಿ ಬಸುರಿ, ಸಣ್ಣ ಮಗಳು ಇದ್ದಾಳೆ. ಎಷ್ಟು ಕಾಣಿಕೆ ಹಾಕ್ಬೇಕೋ ಹಾಕ್ತೇನೆ. ಆಣೆ ಬಿಟ್ಟುಕೊಡಿ ಅಮ್ಮ.”

“ಬಿಡುವ. ಅದಕ್ಕೆ ಎಂತ ಉಂಟು, ಧರ್ಮಸ್ಥಳಕ್ಕೆ ಒಟ್ಟಿಗೆ ಹೋಗಿ ಬಿಡಿಸಿದರೆ ಆಯ್ತು,” ಎಂದರು ಅವರು. “ನಿಮ್ಮನ್ನು ಹುಡುಕಿಸ್ತಾ ಇದ್ದೆ. ಯಾರಿಗೆ ಕೊಟ್ಟದ್ದು ಅಂತ ಮೈದುನ ಬಾಯಿ ಬಿಡಲೇ ಇಲ್ಲ. ಕಾರು ಎಲ್ಲುಂಟು?”

ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ಶೇಖರನಿಗೆ ಅಳು ಬಂದಂತಾಯಿತು. “ಬರ್ತಾ ಉಂಟು ಅಮ್ಮ. ಬೆಳ್ತಂಗಡಿಯಿಂದ ವೇಣೂರಿನ ದಾರಿಯಲ್ಲಿ. ನಾನು ಮುಟ್ಟಲಿಲ್ಲ. ಆಣೆ ತಾಗದವನನ್ನು ಹುಡುಕಿ ಕಳಿಸಿದ್ದೇನೆ. ಅವನು ಬ್ಯಾರಿ.”

ಕಮಲಾವತಿಯಮ್ಮ ಕಂಬ ಹಿಡಿದುಕೊಂಡರು.

“ಆಣೆ ಎಂತ ಮಾಡ್ತದೆ ಅಂತ ನನಗೆ ಗೊತ್ತಿಲ್ಲ ಆಳ್ವರೇ. ಸ್ಟೇರಿಂಗ್ ಎಂತ ಮಾಡ್ತದೆ ಅಂತ ಗೊತ್ತುಂಟು.”

ಅವರು ಹೇಳಿದ್ದನ್ನು ಶೇಖರ ಅರ್ಧ ಕೇಳಿದ, ಅರ್ಧ ಕೇಳಲಿಲ್ಲ. ಆದರೂ ಒಂದು ಮಾತೂ ಮುಂದೆ ಅವನಿಗೆ ಮರೆತುಹೋಗಲಿಲ್ಲ. ಅವರ ಗಂಡ ಎರಡು ಸಲ ಆ ಕಾರಿನಲ್ಲಿ ಸಾಯುವುದರಿಂದ ತಪ್ಪಿಸಿಕೊಂಡಿದ್ದರು. ಇಳಿಜಾರಿನ ತಿರುವಿನಲ್ಲಿ ಕೈಯಲ್ಲಿದ್ದ ಚಕ್ರ ತಿರುಗುತ್ತಿತ್ತು, ಕಾರು ತಿರುಗುತ್ತಿರಲಿಲ್ಲ. ಮೊದಲ ಸಲ ರಿಪೇರಿ ಮಾಡಿಸಿದರು. ಎರಡನೆಯ ಸಲ, ಇನ್ನು ಇದರಲ್ಲಿ ಯಾರೂ ಕೂರಬಾರದು ಎಂದು ಕೊಟ್ಟಿಗೆಗೆ ಹಾಕಿದರು. ಆಮೇಲೆ ಜ್ವರ ಬಂದು ತೀರಿಕೊಂಡರು.

“ಅವರು ಹೋದ ಮೇಲೆ ಮೈದುನ ಮಕ್ಕಳನ್ನು ಕೂರಿಸಿಕೊಂಡು ಕಾರು ಹೊರಗೆ ತೆಗೆದರು. ಬೇಡ ಅಂತ ಹೇಳಿದೆ. ಒಬ್ಬ ಮೆಕ್ಯಾನಿಕನನ್ನು ಕರೆಸಿ ತೋರಿಸಿದರು. ಎಲ್ಲ ಸರಿ ಉಂಟು ಅಂದ ಅವನು. ಹತ್ತು ದಿನ ಸರಿಯೇ ಇರ್ತದೆ ಅದು, ಹನ್ನೊಂದನೆಯ ದಿನ ಕೈ ಕೊಡ್ತದೆ. ಮನೆಯ ಹೆಂಗಸು ಸ್ಟೇರಿಂಗಿನ ವಿಷಯ ಹೇಳಿದರೆ ಯಾರು ಕೇಳ್ತಾರೆ? ನಕ್ಕರು. ಆಣೆ ಇಟ್ಟೆ. ಮರುದಿನದಿಂದ ಒಬ್ಬರೂ ಮುಟ್ಟಲಿಲ್ಲ.”

ಪುಂಜಾಲಕಟ್ಟೆಯ ಇಳಿಜಾರು ಶೇಖರನ ಕಣ್ಣ ಮುಂದೆ ಬಂತು. ಅಂಗೈಯಲ್ಲಿ ಚಕ್ರ ಸಡಿಲವಾದ ಆ ಕ್ಷಣ ಬಂತು. ಆಗ ಪಕ್ಕದಲ್ಲಿ ಕಾಂತಿ ಕೂತಿರಲಿಲ್ಲ ಎಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ, ಈಗ ಆ ಜಾಗದಲ್ಲಿ ಜುಲೈಕಾ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ ಎಂಬುದು ಹೊಳೆಯಿತು. ಕೂರಿಸಿದವನು ತಾನು.

“ಕಾರಿನಲ್ಲಿ ಒಬ್ಬನೇ ಅಲ್ಲ,” ಎಂದ. ಅವನ ಸ್ವರ ಅವನಿಗೇ ಗುರುತು ಸಿಗಲಿಲ್ಲ. “ಹೆಂಡತಿ, ಮಗು ಇದ್ದಾರೆ.”

“ಹೋಗಿ,” ಎಂದರು ಕಮಲಾವತಿಯಮ್ಮ. “ನಿಲ್ಲಬೇಡಿ, ಹೋಗಿ.”

ಅವನು ವೇಣೂರಿನ ರಸ್ತೆಯಲ್ಲಿ ಓಡಿದ. ಚಪ್ಪಲಿ ಅರಿಗರ ಮೆಟ್ಟಿಲಲ್ಲೇ ಉಳಿಯಿತು. ಡಾಮರು ಇಲ್ಲದ ರಸ್ತೆ, ಎದ್ದ ಧೂಳು, ಎದುರಿಗೆ ಬರುವವರೆಲ್ಲ ನಡೆದು ಬರುವವರು. ಅಷ್ಟು ದಿನ ಅವನಿಗೆ ಇದ್ದ ಹೆದರಿಕೆ ತನ್ನದು, ತನ್ನ ಮನೆಯದು. ಅದಕ್ಕೊಂದು ಕಾಣಿಕೆ ಇತ್ತು, ಕಾಲು ಹಿಡಿಯಲು ಒಬ್ಬ ಅಮ್ಮ ಇದ್ದರು. ಈಗಿನ ಹೆದರಿಕೆಗೆ ಏನೂ ಇರಲಿಲ್ಲ. ಏದುಸಿರು ಬಿಡುತ್ತ ನಿಂತ, ಮತ್ತೆ ಓಡಿದ, ಮತ್ತೆ ನಿಂತ. ಆ ಮಗುವಿನ ಹೆಸರು ತನಗೆ ಗೊತ್ತಿಲ್ಲ ಎಂದು ಆಗ ನೆನಪಾಯಿತು. ಎಷ್ಟೋ ಸಲ ಆ ಮನೆಯ ಅಂಗಳಕ್ಕೆ ಹೋಗಿದ್ದ, ಒಂದು ಸಲವೂ ಕೇಳಿರಲಿಲ್ಲ.

ವೇಣೂರಿನಿಂದ ಬರುವ ಬಸ್ಸು ಕಂಡಿತು. ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದ.

“ದಾರಿಯಲ್ಲಿ ಒಂದು ಕಪ್ಪು ಕಾರು ಸಿಕ್ಕಿತಾ?”

“ಪೆರಿಂಜೆಯ ಹತ್ತಿರ ಒಂದು ಕಾರು ಗದ್ದೆಗೆ ಬಿದ್ದದ್ದು ಉಂಟು,” ಎಂದ ಕಂಡಕ್ಟರ್. “ಜನ ಸೇರಿದ್ದರು. ನಮಗೆ ಲೇಟಾಗಿತ್ತು, ನಿಲ್ಲಿಸಲಿಲ್ಲ.”

“ಒಳಗಿದ್ದವರು?”

“ನೋಡಲಿಲ್ಲ ಮಾರಾಯ್ರೇ.”

ಹಿಂದಿನಿಂದ ಹಂಚು ಹೇರಿದ ಲಾರಿಯೊಂದು ಬಂತು. ಅದರ ಡ್ರೈವರನಿಗೆ ಏನು ಹೇಳಿದನೋ ಅವನಿಗೇ ತಿಳಿಯದು. ಡ್ರೈವರ್ ಅವನ ಮುಖ ನೋಡಿ ಬಾಗಿಲು ತೆರೆದ. ದಾರಿಯುದ್ದಕ್ಕೂ ಶೇಖರ ಎದುರಿನ ಗಾಜಿಗೆ ಕಣ್ಣು ನೆಟ್ಟು, ಎರಡು ಕೈಯಲ್ಲೂ ಸೀಟಿನ ಅಂಚು ಹಿಡಿದು ಕೂತ. ಮಂಜುನಾಥನ ಹೆಸರು ಬಾಯಿಗೆ ಬಂತು. ಯಾವ ಮುಖದಲ್ಲಿ ಕರೆಯುವುದು ಎಂದು ಅದನ್ನೂ ನುಂಗಿಕೊಂಡ.

ಪೆರಿಂಜೆಯ ಇಳಿಜಾರಿನ ಬುಡದಲ್ಲಿ ಕಾರು ರಸ್ತೆ ಬಿಟ್ಟು, ಕೊಯ್ಲಾದ ಗದ್ದೆಗೆ ಮೂತಿ ಇಟ್ಟು ನಿಂತಿತ್ತು. ಸೇರಿದ್ದ ಜನ ಚದುರಿದ್ದರು. ಗದ್ದೆಯ ಬದುವಿನ ಮೇಲೆ ಮಜೀದ್ ಕೂತಿದ್ದ. ಆಚೆ ಒಂದು ಗೇರು ಮರದ ನೆರಳಿನಲ್ಲಿ ಜುಲೈಕಾ ಮಗುವನ್ನು ಮಲಗಿಸಿಕೊಂಡು ಕೂತಿದ್ದಳು. ಮಗು ಕೈ ಆಡಿಸುತ್ತಿತ್ತು. ಶೇಖರ ಅದನ್ನು ಎರಡು ಸಲ ನೋಡಿದ. ಆಮೇಲೆ ಮಜೀದನ ಪಕ್ಕದಲ್ಲೇ ಬದುವಿನ ಮೇಲೆ ಕೂತುಬಿಟ್ಟ. ತನ್ನ ಕಣ್ಣಿನಲ್ಲಿ ನೀರು ಇಳಿಯುತ್ತಿದೆ ಎಂದು ಅವನಿಗೆ ಗೊತ್ತಾದದ್ದು ಸ್ವಲ್ಪ ಹೊತ್ತಿನ ಮೇಲೆ.

“ಚಕ್ರ ತಿರುಗಿಸಿದೆ ಆಳ್ವರೇ, ಕಾರು ತಿರುಗಲಿಲ್ಲ,” ಎಂದ ಮಜೀದ್. “ಮೆಲ್ಲ ಇದ್ದದ್ದಕ್ಕೆ ಜೀವ ಉಳಿಯಿತು. ಗುರುವಾಯನಕೆರೆಯಿಂದ ಇಲ್ಲಿಯವರೆಗೆ ನಡೆಯುವವರು ನನ್ನನ್ನು ದಾಟಿ ಹೋಗಿದ್ದಾರೆ.”

“ಸ್ಟೇರಿಂಗ್ ಸರಿ ಇಲ್ಲ ಅಂತ ನಿನಗೆ ಗೊತ್ತಾಗಿತ್ತಾ?”

“ಅದು ಹೇಗೆ ಗೊತ್ತಾಗ್ತದೆ? ಹೊರಡುವಾಗ ಸರಿಯೇ ಇತ್ತು.”

“ಮತ್ತೆ ಅಷ್ಟು ಮೆಲ್ಲ ಯಾಕೆ ಬಂದೆ?”

ಮಜೀದ್ ಅವನ ಮುಖ ನೋಡಿದ. “ಹೆದರಿಕೆ,” ಎಂದ. “ಆಣೆ ಉಂಟು ಅಂತ ನೀವೇ ಹೇಳಿದಿರಲ್ಲ.”

“ನಿನಗೆ ಅದು ತಾಗುವುದಿಲ್ಲ ಅಂತ…”

“ಅದನ್ನು ಹೇಳಿದವರು ನೀವು. ನಾನು ಹೇಳಲಿಲ್ಲ. ನನ್ನ ಅಜ್ಜ ಒಂದು ಬೇಲಿಯ ಜಗಳದಲ್ಲಿ ಆಣೆಗೆ ಸಿಕ್ಕಿ, ಧರ್ಮಸ್ಥಳಕ್ಕೆ ಹೋಗಿ ಬಿಡಿಸಿಕೊಂಡು ಬಂದವರು. ನಾನೂ ಇದೇ ಊರಿನವನಲ್ವಾ ಆಳ್ವರೇ.”

“ಹಾಗಾದರೆ ಯಾಕೆ ಒಪ್ಪಿದೆ?”

“ನೀವು ಕೇಳಿದಿರಿ. ನನಗೆ ಕೆಲಸವೂ ಇರಲಿಲ್ಲ.”

ಶೇಖರ ಗೇರು ಮರದ ಕಡೆ ಕಣ್ಣು ಹಾಯಿಸಿ, “ಅವಳಿಗೆ?” ಎಂದು ಕೇಳಿದ.

“ಹೇಳಲಿಲ್ಲ. ಹೇಳಿದ್ದರೆ ನನ್ನನ್ನೂ ಬಿಡ್ತಿರಲಿಲ್ಲ. ನೀವು ಅವಳಿಗೆ ಹೋಗು ಅಂದ ಮೇಲೆ ಬೇಡ ಅನ್ಲಿಕ್ಕೆ ನನ್ನ ಹತ್ತಿರ ಕಾರಣ ಇರಲಿಲ್ಲ. ಆಣೆ ಬಿಟ್ಟುಕೊಟ್ಟರಾ ಆ ಅಮ್ಮ?”

“ಯಾವ ಆಣೆ?”

ಕೇಳಿದವಳು ಜುಲೈಕಾ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅವರ ಹಿಂದೆಯೇ ಬಂದು ನಿಂತಿದ್ದಳು. ಮಜೀದ್ ನೆಲ ನೋಡಿದ. ಉತ್ತರ ಕೊಡಬೇಕಾದವನು ತಾನು ಎಂದು ಶೇಖರನಿಗೆ ಗೊತ್ತಿತ್ತು. ಎದ್ದು ನಿಂತು ಎಲ್ಲವನ್ನೂ ಹೇಳಿದ. ಬೆಳ್ತಂಗಡಿಯಲ್ಲಿ ಕಾರು ಬಿಟ್ಟು ಬಂದದ್ದು, ಎತ್ತಿನವರು ಒಪ್ಪದೆ ಇದ್ದದ್ದು, ತನಗೆ ಮಜೀದನ ನೆನಪಾದದ್ದು ಯಾಕೆ ಎಂಬುದು. ಹಲಸಿನ ಮರದಡಿಯಲ್ಲಿ ಬುದ್ಧಿವಂತಿಕೆಯಾಗಿ ಕಂಡಿದ್ದು ಅವಳ ಎದುರು ಹೇಳುವಾಗ ಬೇರೆಯೇ ಆಗಿ ಕೇಳಿಸುತ್ತಿತ್ತು. ಅವಳು ಪೂರ್ತಿ ಕೇಳಿದಳು.

“ಆಣೆ ಉಂಟು ಅಂತ ಗೊತ್ತಾದ ಮೇಲೆ ನಿಮ್ಮ ಕಾಂತಿಯನ್ನು ಇದರಲ್ಲಿ ಕೂರಿಸ್ತಿದ್ದಿರಾ?”

“ಇಲ್ಲ,” ಎಂದ ಶೇಖರ.

ಜುಲೈಕಾ ಗಂಡನ ಕಡೆಗೂ ನೋಡಲಿಲ್ಲ. ಕಾರಿನ ಬಾಗಿಲು ತೆರೆದು ತನ್ನ ಬಟ್ಟೆಯ ಗಂಟನ್ನು ಎಳೆದುಕೊಂಡು ರಸ್ತೆಗೆ ಹತ್ತಿದಳು. ಮೂಡುಬಿದಿರೆ ಇನ್ನೂ ದೂರವಿತ್ತು, ಬಿಸಿಲು ಏರಿತ್ತು. ಮಜೀದ್ ಹಿಂದಿನಿಂದ ಕರೆದ. ಅವಳು ನಿಲ್ಲಲಿಲ್ಲ. ಶೇಖರ ಬರಿಗಾಲಿನಲ್ಲೇ ಓಡಿಹೋಗಿ ಅವಳ ಸರಿಸಮಕ್ಕೆ ಬಂದು, ಗಂಟನ್ನಾದರೂ ಹೊರುತ್ತೇನೆ ಎಂದು ಕೈ ಚಾಚಿದ. ಅವಳು ಅದನ್ನು ಆಚೆಯ ಕೈಗೆ ಬದಲಿಸಿಕೊಂಡು ನಡೆದಳು.